ದಿನಕ್ಕೆ 20 ಮೈಲಿ ನಡೆದಿದ್ದಕ್ಕೇ ಗೆದ್ದರಾ ಅಮುಂಡ್‌ಸೆನ್? ಫಾರ್ವರ್ಡ್ ಹೇಳದ ಗಂಟುಮೂಟೆಯ ಕತೆ

ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. 1911ರಲ್ಲಿ ದಕ್ಷಿಣ ಧ್ರುವಕ್ಕೆ ಎರಡು ತಂಡಗಳು ಹೊರಟವು. ನಾರ್ವೆಯ ಅಮುಂಡ್‌ಸೆನ್ ಬಿಸಿಲಿರಲಿ, ಬಿರುಗಾಳಿ ಇರಲಿ, ದಿನಕ್ಕೆ ಸರಿಯಾಗಿ 20 ಮೈಲಿ ನಡೆದರು. ಬ್ರಿಟನ್ನಿನ ಸ್ಕಾಟ್ ಹವೆ ಚೆನ್ನಾಗಿದ್ದಾಗ 40 ಮೈಲಿ ಓಡಿ, ಕೆಟ್ಟಾಗ ಡೇರೆಯಲ್ಲಿ ಕೂತರು. ಅಮುಂಡ್‌ಸೆನ್ ಗೆದ್ದರು, ಸ್ಕಾಟ್ ಸತ್ತರು. ಆದ್ದರಿಂದ ನೀವೂ ದಿನಾ ಸ್ವಲ್ಪ ಸ್ವಲ್ಪ ಕೆಲಸ ಮಾಡಿ. ಕೊನೆಗೆ ಕೈಮುಗಿಯುವ ಎಮೋಜಿ.

ನಾವು ಇದನ್ನು ಪರಿಶೀಲಿಸಿದೆವು. ಗೆದ್ದವರು ಯಾರು, ಸತ್ತವರು ಯಾರು ಎಂಬುದು ಸರಿ. ಲೆಕ್ಕ ಮಾತ್ರ ತಪ್ಪು. ಮೈಯಿಂದ ಸ್ಲೆಡ್ಜ್ ಎಳೆಯುತ್ತಿದ್ದ ಸ್ಕಾಟ್ ತಂಡ 40 ಮೈಲಿಯ ಹತ್ತಿರಕ್ಕೂ ಹೋಗಿದ್ದಿಲ್ಲ. ಅಮುಂಡ್‌ಸೆನ್ ಕೂಡ ಬಿರುಗಾಳಿಗೆ ಸಿಕ್ಕಿ ಪರ್ವತದ ನೆತ್ತಿಯಲ್ಲಿ ದಿನಗಟ್ಟಲೆ ಡೇರೆಯೊಳಗೆ ಕೂತಿದ್ದರು. ಸಮತಟ್ಟಾದ ಹಿಮದ ಮೇಲೆ ನಾಯಿಗಳಿಗೆ ದಣಿವಾಗದಂತೆ ದಿನದ ದೂರಕ್ಕೆ ಮಿತಿ ಹಾಕಿದ್ದು ನಿಜ. ಆದರೆ ಅದೇ ಅಮುಂಡ್‌ಸೆನ್ ಅವಸರ ತಡೆಯಲಾರದೆ ಒಮ್ಮೆ ತಿಂಗಳಿಗೂ ಮೊದಲೇ ಹೊರಟು, ತಂಡವನ್ನೇ ಸಾವಿನ ಬಾಯಿಗೆ ಒಯ್ದಿದ್ದರು. ಫಾರ್ವರ್ಡ್‌ನಲ್ಲಿ ಆ ಅಧ್ಯಾಯ ಇಲ್ಲ. ಆ ಪ್ರಯಾಣಕ್ಕೆ ಸಾಮಾನು ಕಟ್ಟಿದ ಮನುಷ್ಯನ ಹೆಸರೂ ಇಲ್ಲ.

ರೋಲ್ಡ್ ಅಮುಂಡ್‌ಸೆನ್ ಹುಟ್ಟಿದ್ದು 1872ರ ಜುಲೈ 16ರಂದು, ನಾರ್ವೆಯ ಬೋರ್ಗೆ ಎಂಬಲ್ಲಿ. ಹಡಗು ಮಾಲೀಕರ ಮನೆತನ. ಅಪ್ಪ ಬೇಗ ತೀರಿಕೊಂಡರು. ಮಗ ಡಾಕ್ಟರ್ ಆಗಬೇಕೆಂಬುದು ಅಮ್ಮನ ಆಸೆ. ಮಗನ ತಲೆಯಲ್ಲಿ ಇದ್ದದ್ದು ಧ್ರುವಪ್ರದೇಶ. 1889ರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಸ್ಕೀ ಮೇಲೆ ಗ್ರೀನ್‌ಲ್ಯಾಂಡನ್ನು ಅಡ್ಡಹಾಯ್ದು ಊರಿಗೆ ಮರಳಿದಾಗ ರಾಜಧಾನಿಯಲ್ಲಿ ಸೇರಿದ ಜನಜಂಗುಳಿಯಲ್ಲಿ ಈ 16 ವರ್ಷದ ಹುಡುಗನೂ ಇದ್ದ. ಅಮ್ಮನಿಗೆ ಹೇಳುವ ಧೈರ್ಯ ಇರಲಿಲ್ಲ. ಮೆಡಿಕಲ್ ಓದಲು ಸೇರಿದರು. ಚಳಿಗಾಲದಲ್ಲೂ ಕಿಟಕಿ ತೆರೆದಿಟ್ಟು ಮಲಗುತ್ತಿದ್ದರು, ಮೈ ಗಟ್ಟಿಯಾಗಲಿ ಎಂದು. 1893ರಲ್ಲಿ ಅಮ್ಮ ತೀರಿಕೊಂಡ ಮೇಲೆ ಓದು ಬಿಟ್ಟರು.

ಮೊದಲ ಪಾಠ ಕಲಿತದ್ದು 1896ರ ಜನವರಿಯಲ್ಲಿ. ಅಣ್ಣ ಲಿಯೋನ್ ಜೊತೆ ಹಾರ್ಡಾಂಗರ್‌ವಿಡ್ಡಾ ಎಂಬ ಪ್ರಸ್ಥಭೂಮಿಯನ್ನು ಸ್ಕೀ ಮೇಲೆ ದಾಟಲು ಹೊರಟರು. ಡೇರೆ ಒಯ್ಯಲಿಲ್ಲ. ಹವೆ ಕೆಟ್ಟಿತು. ರಾತ್ರಿ ಪಕ್ಕದಲ್ಲಿಟ್ಟ ತಿಂಡಿಯ ಗಂಟು ಹಿಮದಡಿ ಕಾಣೆಯಾಯಿತು. ಇನ್ನೊಂದು ರಾತ್ರಿ ರೋಲ್ಡ್ ಹಿಮದಲ್ಲಿ ಗುಂಡಿ ತೋಡಿ ನಿದ್ದೆಚೀಲದೊಳಗೆ ಮಲಗಿದರು. ಮೇಲೆ ಬಿದ್ದ ಹಸಿ ಹಿಮ ಬೆಳಗಾಗುವುದರೊಳಗೆ ಗಡ್ಡೆ ಕಟ್ಟಿತ್ತು. ಕೈಕಾಲು ಅಲ್ಲಾಡಿಸಲು ಆಗಲಿಲ್ಲ. ಅಣ್ಣ ಅಗೆದು ತೆಗೆಯದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ತಾಯ್ನಾಡಿನಲ್ಲೇ, ಮನೆಗಳಿಂದ ಬಹಳ ದೂರವೇನೂ ಇಲ್ಲದ ಜಾಗದಲ್ಲಿ, ಇಬ್ಬರೂ ಸ್ವಲ್ಪದರಲ್ಲಿ ಬದುಕುಳಿದರು.

ಮುಂದಿನ ಪಾಠ ಬೆಲ್ಜಿಕಾ ಹಡಗಿನಲ್ಲಿ. 1897ರಲ್ಲಿ ಹೊರಟ ಈ ಬೆಲ್ಜಿಯನ್ ಹಡಗು ಅಂಟಾರ್ಕ್ಟಿಕದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು 1898ರ ಇಡೀ ಚಳಿಗಾಲ ಅಲ್ಲೇ ಕಳೆಯಿತು. ಅಂಟಾರ್ಕ್ಟಿಕ್ ವೃತ್ತದೊಳಗೆ ಮನುಷ್ಯರು ಕಳೆದ ಮೊದಲ ಚಳಿಗಾಲ ಅದು. ಹಡಗಿನಲ್ಲಿದ್ದ ಚಳಿಗಾಲದ ಉಡುಪು ನಾಲ್ಕೇ ಜನಕ್ಕೆ ಸಾಕಾಗುವಷ್ಟು! ಉಳಿದವರಿಗೆ ಹಡಗಿನ ಕೆಂಪು ಕಂಬಳಿಗಳನ್ನೇ ಕತ್ತರಿಸಿ ಹೊಲಿಯಬೇಕಾಯಿತು. ಮೇಲಾಗಿ ಸ್ಕರ್ವಿ ಬಂತು. ವಸಡು ಊದಿ, ಕಾಲು ಬಾತು, ಜನ ಮಂಕಾದರು. ಡಬ್ಬಿಯ ಆಹಾರ ತಿಂದರೆ ಈ ರೋಗ ವಾಸಿಯಾಗದು, ತಾಜಾ ಮಾಂಸ ಬೇಕು ಎಂದು ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಪಟ್ಟು ಹಿಡಿದರು. ಸೀಲ್ ಮತ್ತು ಪೆಂಗ್ವಿನ್ ಮಾಂಸದ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ನಾಯಕನೂ ಕೊನೆಗೆ ಒಪ್ಪಿದ. ಜನ ಚೇತರಿಸಿಕೊಂಡರು. ವಿಟಮಿನ್ ಸಿ ಎಂಬ ಹೆಸರೇ ಆಗ ಇರಲಿಲ್ಲ. ಹೆಚ್ಚು ಬೇಯಿಸದ ತಾಜಾ ಮಾಂಸದಲ್ಲಿ ಅದು ಸ್ವಲ್ಪ ಇರುತ್ತದೆ, ಆ ಸ್ವಲ್ಪವೇ ಸಾಕಾಗುತ್ತದೆ ಎಂಬುದು ನಮಗೀಗ ಗೊತ್ತು.

ಇಷ್ಟು ಕಂಡ ಮೇಲೆ ಅಮುಂಡ್‌ಸೆನ್ ಸ್ವಂತ ಯಾತ್ರೆಗೆ ಇಳಿದರು. 1903ರ ಜೂನಿನಲ್ಲಿ ಸಾಲಗಾರರ ಕಣ್ಣು ತಪ್ಪಿಸಿ ಯೋವಾ ಎಂಬ 47 ಟನ್ನಿನ ಪುಟ್ಟ ಹಡಗಿನಲ್ಲಿ ಹೊರಟರು. ಅವರೂ ಸೇರಿ ಏಳು ಜನ. ಕೆನಡಾದ ಮೇಲ್ತುದಿಯ ಹಿಮದ್ವೀಪಗಳ ನಡುವೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ದಾರಿ ಹುಡುಕುವ ಕೆಲಸ. ನೂರಾರು ಜನ ಅದಕ್ಕಾಗಿ ಸತ್ತಿದ್ದರು. ಇವರು ದಾಟಿದರು, 1906ರಲ್ಲಿ ಅಲಾಸ್ಕದ ನೋಮ್ ತಲುಪಿದರು. ಆದರೆ ನಮ್ಮ ಕತೆಗೆ ಮುಖ್ಯವಾದದ್ದು ದಾರಿಯಲ್ಲಿ ಕಿಂಗ್ ವಿಲಿಯಂ ದ್ವೀಪದಲ್ಲಿ ಅವರು ನಿಂತ ಎರಡು ಚಳಿಗಾಲ. ಅಲ್ಲಿ ನೆಟ್ಸಿಲಿಕ್ ಇನ್ಯುಯಿಟ್ ಜನರ ನೆರೆಹೊರೆ ಸಿಕ್ಕಿತು. ಅಮುಂಡ್‌ಸೆನ್ ಅವರ ಬಳಿ ವಿದ್ಯಾರ್ಥಿಯಂತೆ ಕುಳಿತರು.

ಚಳಿಗೆ ಬಟ್ಟೆ ಎಂದರೆ ನಮಗೆ ಹೊಳೆಯುವುದು ಒಂದರ ಮೇಲೊಂದು ಬಿಗಿಯಾದ ಸ್ವೆಟರ್. ಇನ್ಯುಯಿಟ್ ಉಡುಪು ಇದಕ್ಕೆ ತಿರುಗುಮುರುಗು. ಹಿಮಸಾರಂಗದ ಚರ್ಮದ ಎರಡು ಪದರ, ಒಳಗಿನದರ ತುಪ್ಪಳ ಮೈಗೆ ತಾಗುವಂತೆ, ಹೊರಗಿನದರ ತುಪ್ಪಳ ಗಾಳಿಗೆ. ಎರಡೂ ಸಡಿಲ. ಮೇಲಂಗಿ ಸೊಂಟಕ್ಕೆ ಕಟ್ಟದೆ ಜೋಲಾಡುತ್ತಿರುತ್ತದೆ. ಹಿಮಸಾರಂಗದ ಕೂದಲು ಒಳಗೆ ಟೊಳ್ಳು, ಅದರಲ್ಲಿ ಗಾಳಿ ನಿಂತಿರುತ್ತದೆ. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆ ಹಿಡಿದಿಟ್ಟ ಗಾಳಿ. ಬಿಗಿಯಾಗಿ ತೊಟ್ಟರೆ ಆ ಗಾಳಿಗೆ ಜಾಗವಿಲ್ಲ, ರಕ್ತ ಸಂಚಾರಕ್ಕೂ ತೊಡಕು. ಇನ್ನೊಂದು ಶತ್ರು ಬೆವರು. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಕದಿಯುತ್ತದೆ. ನಡೆಯುವಾಗ ಬೆವರಿ, ನಿಂತಾಗ ಆ ಬೆವರು ಹೆಪ್ಪುಗಟ್ಟಿದರೆ ಎಷ್ಟು ದಪ್ಪ ಕೋಟು ಇದ್ದರೂ ಪ್ರಯೋಜನವಿಲ್ಲ. ಸಡಿಲ ಉಡುಪಿನಲ್ಲಿ ಬೆವರಿನ ಆವಿ ಹೊರಗೆ ಹೋಗುತ್ತದೆ. ಹಿಮಾಲಯ ಟ್ರೆಕ್‌ಗೆ ಹೊರಟಿರುವ ಓದುಗರೇ, ಒಂದು ಸೈಜ್ ದೊಡ್ಡ ಬೂಟು ತೆಗೆದುಕೊಳ್ಳಿ ಎನ್ನುವ ಅಂಗಡಿಯವರ ಮಾತಿನ ಹಿಂದೆಯೂ ಇದೇ ವಿಜ್ಞಾನ ಇದೆ.

ಆ ಉಡುಪನ್ನು ಹದ ಮಾಡಿ ಹೊಲಿಯುತ್ತಿದ್ದವರು ಅಲ್ಲಿನ ಹೆಂಗಸರು. ಧ್ರುವ ಗೆದ್ದವರ ಪಟ್ಟಿಯಲ್ಲಿ ಅವರನ್ನು ಯಾರೂ ಸೇರಿಸುವುದಿಲ್ಲ. ಸೇರಿಸಬೇಕಿತ್ತು ಎಂದು ನಮಗನ್ನಿಸುತ್ತದೆ.

ಅಮುಂಡ್‌ಸೆನ್ ಅವರಿಗೆ ನಿಜಕ್ಕೂ ಬೇಕಿದ್ದದ್ದು ಉತ್ತರ ಧ್ರುವ. ಆದರೆ 1909ರಲ್ಲಿ ಕುಕ್ ಮತ್ತು ಪಿಯರಿ ಇಬ್ಬರೂ ಅಲ್ಲಿಗೆ ಮುಟ್ಟಿ ಬಂದೆವು ಎಂದು ಹೇಳಿಕೊಂಡರು. ತಲೆಯ ಮೇಲೆ ಸಾಲ. ಅಮುಂಡ್‌ಸೆನ್ ಗುಟ್ಟಾಗಿ ದಿಕ್ಕು ಬದಲಿಸಿದರು. ನಾನ್ಸೆನ್ ಅವರಿಂದ ಎರವಲು ಪಡೆದ ಫ್ರಾಂ ಹಡಗು 1910ರ ಆಗಸ್ಟ್‌ನಲ್ಲಿ ನಾರ್ವೆ ಬಿಟ್ಟಾಗ ಹೆಚ್ಚಿನ ಸಿಬ್ಬಂದಿಗೂ ನಿಜವಾದ ಗುರಿ ಗೊತ್ತಿರಲಿಲ್ಲ. ಮಡೀರಾ ದ್ವೀಪದಲ್ಲಿ ಬಾಯಿ ಬಿಟ್ಟರು. ಸ್ಕಾಟ್‌ಗೆ ಮೆಲ್ಬರ್ನ್‌ನಲ್ಲಿ ಒಂದು ಟೆಲಿಗ್ರಾಂ ಸಿಕ್ಕಿತು, ಅಷ್ಟೇ. ಇದನ್ನು ಜಾಣತನ ಎನ್ನುವವರೂ ಇದ್ದಾರೆ, ಮೋಸ ಎನ್ನುವವರೂ ಇದ್ದಾರೆ. ನಾವು ಎರಡನೆಯವರ ಕಡೆ ಸ್ವಲ್ಪ ವಾಲುತ್ತೇವೆ.

1911ರ ಜನವರಿಯಲ್ಲಿ ಫ್ರಾಂ ಅಂಟಾರ್ಕ್ಟಿಕದ ವೇಲ್ಸ್ ಕೊಲ್ಲಿಗೆ ಬಂತು. ರಾಸ್ ಹಿಮಹಾಸಿನ ಮೇಲೆ ಮರದ ಮನೆ ಕಟ್ಟಿ ಅದಕ್ಕೆ ಫ್ರಾಂಹೈಂ ಎಂದು ಹೆಸರಿಟ್ಟರು. ಒಂಬತ್ತು ಜನ, ನೂರಕ್ಕೂ ಹೆಚ್ಚು ನಾಯಿಗಳು. ಚಳಿಗಾಲ ಬರುವ ಮೊದಲು 80, 81, 82 ಡಿಗ್ರಿ ಅಕ್ಷಾಂಶಗಳಲ್ಲಿ ಸುಮಾರು 3 ಟನ್ ಆಹಾರ, ಇಂಧನ ಇಟ್ಟುಬಂದರು. ಬಿಳಿ ಬಯಲಿನಲ್ಲಿ ಈ ರಾಶಿಗಳನ್ನು ಮತ್ತೆ ಹುಡುಕುವುದು ಹೇಗೆ? ದಾರಿಗೆ ಅಡ್ಡಲಾಗಿ, ರಾಶಿಯ ಎರಡೂ ಬದಿಗೆ ಹತ್ತತ್ತು ಬಾವುಟ ನೆಟ್ಟರು. ಮಂಜಿನಲ್ಲಿ ಕೆಲವು ಕಿಲೋಮೀಟರ್ ಆಚೀಚೆ ತಪ್ಪಿದರೂ ಯಾವುದೋ ಒಂದು ಬಾವುಟ ಕಣ್ಣಿಗೆ ಬೀಳಲೇಬೇಕು. ಪ್ರತಿ ಬಾವುಟಕ್ಕೂ ಗುರುತು ಇತ್ತು, ರಾಶಿ ಎಡಕ್ಕಿದೆಯೋ ಬಲಕ್ಕಿದೆಯೋ ಹೇಳಲು. ಮೊದಲ ಸಲ ವಾಪಸು ಬರುವಾಗ ಬಾವುಟ ಮುಗಿದುಹೋದವು, ನಾಯಿಗಳಿಗೆಂದು ತಂದ ಒಣಮೀನನ್ನೇ ಹಿಮದಲ್ಲಿ ನೆಟ್ಟುಕೊಂಡು ಬಂದರು!

ಏಪ್ರಿಲ್‌ನಲ್ಲಿ ಸೂರ್ಯ ಮುಳುಗಿದ. ನಾಲ್ಕು ತಿಂಗಳು ಕತ್ತಲೆ. ಮನೆಯ ಸುತ್ತ ಹಿಮದೊಳಗೆ ಸುರಂಗ ಕೊರೆದು ಕೋಣೆಗಳನ್ನು ಮಾಡಿಕೊಂಡರು, ಒಂದು ಬಡಗಿ ಕೆಲಸಕ್ಕೆ, ಒಂದು ಹೊಲಿಗೆಗೆ, ಒಂದು ಸಾಮಾನು ಕಟ್ಟುವುದಕ್ಕೆ. ಪ್ಯಾಕಿಂಗ್ ಎಂದರೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ಮೇಲೆ ಕೂತು ಜಿಪ್ ಎಳೆಯುವುದು ಎಂದುಕೊಂಡಿರುವ ನಮ್ಮಂಥವರಿಗೆ ಈ ತಿಂಗಳುಗಳ ಲೆಕ್ಕ ಬೆರಗು ತರಿಸುತ್ತದೆ. ಸ್ಕೀ ಚಾಂಪಿಯನ್ ಮತ್ತು ಬಡಗಿ ಓಲಾವ್ ಬ್ಯೋಲಾಂಡ್ ಸ್ಲೆಡ್ಜ್‌ಗಳನ್ನು ಉಜ್ಜಿ ಉಜ್ಜಿ ತೂಕವನ್ನು ಮೂರನೇ ಒಂದು ಭಾಗಕ್ಕಿಂತ ಕೆಳಗೆ ತಂದರು. ಆಸ್ಕರ್ ವಿಸ್ಟಿಂಗ್ ಹೊಲಿಗೆ ಯಂತ್ರದಲ್ಲಿ ನೆಲಹಾಸು ಸೇರಿಸಿಯೇ ಡೇರೆ ಹೊಲಿದರು. ಶಾಯಿ ಪುಡಿ, ಬೂಟ್ ಪಾಲಿಶ್ ಹಾಕಿ ಡೇರೆಗೆ ಕಪ್ಪು ಬಣ್ಣ ಕೊಟ್ಟರು. ಬಿಳಿ ಹಿಮ ನೋಡಿ ಬೆಂದ ಕಣ್ಣಿಗೆ ವಿಶ್ರಾಂತಿ, ದೂರದಿಂದ ಕಾಣುತ್ತದೆ, ಬಿಸಿಲಿನ ಶಾಖವನ್ನೂ ಹೀರುತ್ತದೆ. ಸ್ಕೀ ಬೂಟುಗಳಂತೂ ಎಲ್ಲರ ತಲೆನೋವಾಗಿದ್ದವು. ಗಟ್ಟಿ, ಬಿಗಿ. ಬಿಚ್ಚಿದರು, ಹಿಗ್ಗಿಸಿದರು, ಮತ್ತೆ ಹೊಲಿದರು, ಸಾಲದೆಂದು ಮತ್ತೆ ಬಿಚ್ಚಿದರು. ಕಾಲುಚೀಲದ ಸುತ್ತ ಒಣಹುಲ್ಲು ತುಂಬುವಷ್ಟು ಜಾಗ ಬೇಕಿತ್ತು. ಉತ್ತರದ ಸಾಮಿ ಜನರ ಉಪಾಯ ಅದು. ಬೆವರನ್ನು ಹುಲ್ಲು ಹೀರುತ್ತದೆ, ರಾತ್ರಿ ತೆಗೆದು ಒಣಗಿಸಿ ಬೆಳಿಗ್ಗೆ ಮತ್ತೆ ತುಂಬುವುದು.

ಸಾಮಾನು ಕಟ್ಟುವ ಹಿಮದ ಕೋಣೆಯಲ್ಲಿ ಕೂತಿದ್ದವರು ಯಾಲ್ಮರ್ ಯೋಹಾನ್ಸೆನ್. 1895ರಲ್ಲಿ ನಾನ್ಸೆನ್ ಜೊತೆ 86 ಡಿಗ್ರಿ ಉತ್ತರದ ಆಚೆಗೆ ಹೋಗಿ ಬಂದ ಅನುಭವಿ. ಒಯ್ಯುವ ಆಹಾರ ನಾಲ್ಕೇ ಬಗೆ: ಒಣಮಾಂಸ ಮತ್ತು ಕೊಬ್ಬು ಸೇರಿಸಿ ಮಾಡಿದ ಪೆಮಿಕನ್, ಬಿಸ್ಕತ್ತು, ಹಾಲಿನ ಪುಡಿ, ಚಾಕೊಲೇಟ್. ಯೋಹಾನ್ಸೆನ್ ಸಾವಿರಾರು ಬಿಸ್ಕತ್ತುಗಳನ್ನು ಒಂದೊಂದಾಗಿ ಎಣಿಸಿ ಜೋಡಿಸಿದರು. ಹಾಲಿನ ಪುಡಿಯನ್ನು ಸಣ್ಣ ಚೀಲಗಳಿಗೆ ತುಂಬಿ ಸಂದಿಗಳಿಗೆ ತುರುಕಿದರು. ಪ್ರತಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಡಬ್ಬಿಯ ಮುಚ್ಚಳದಂಥ ದುಂಡು ಬಾಯಿ. ಪೆಟ್ಟಿಗೆಯನ್ನು ಸ್ಲೆಡ್ಜ್‌ಗೆ ಒಮ್ಮೆ ಬಿಗಿದರೆ ಮುಗಿಯಿತು, ಊಟಕ್ಕೆ ಬೇಕಾದ್ದನ್ನು ಮುಚ್ಚಳ ತೆಗೆದು ಎತ್ತಿಕೊಳ್ಳಬಹುದು. ಹೆಪ್ಪುಗಟ್ಟುವ ಚಳಿಯಲ್ಲಿ, ಮರಗಟ್ಟಿದ ಬೆರಳಿನಲ್ಲಿ ಹಗ್ಗದ ಗಂಟು ಬಿಚ್ಚಿ ಕಟ್ಟುವ ಕೆಲಸ ದಿನಾ ಎರಡು ಸಲ ಉಳಿಯಿತು.

ಸೀಮೆಎಣ್ಣೆ ಡಬ್ಬಿಗಳ ವಿಷಯದಲ್ಲಿ ಇನ್ನೊಂದು ಫಾರ್ವರ್ಡ್ ಇದೆ. ಚಳಿಗೆ ತವರ ಪುಡಿಯಾಗಿ ಸ್ಕಾಟ್ ತಂಡದ ಡಬ್ಬಿಗಳು ಸೋರಿದವು, ನೆಪೋಲಿಯನ್ ಸೈನಿಕರ ಗುಂಡಿಗಳೂ ಹಾಗೇ ಉದುರಿದವು ಎಂದು. ಶುದ್ಧ ತವರ 13 ಡಿಗ್ರಿಗಿಂತ ಕೆಳಗೆ ನಿಧಾನವಾಗಿ ಬೂದು ಪುಡಿಯಾಗಬಲ್ಲದು, ಇದು ನಿಜ. ಆದರೆ ಅದಕ್ಕೆ ಬಹಳ ಕಾಲ ಬೇಕು, ಬೇರೆ ಲೋಹ ಬೆರೆತ ತವರದಲ್ಲಿ ಅದು ಸುಲಭಕ್ಕೆ ಆಗುವುದಿಲ್ಲ. ಸ್ಕಾಟ್ ಡಬ್ಬಿಗಳಿಗೆ ಹೀಗಾಯಿತು ಎನ್ನಲು ಪುರಾವೆ ಇಲ್ಲ. ಹೆಚ್ಚು ನಂಬಬಹುದಾದ ಕಾರಣ ಸಪ್ಪೆಯಾದದ್ದು: ಬಿರಡೆಯ ಚರ್ಮದ ವಾಷರ್ ಚಳಿಗೆ ಕುಗ್ಗಿ ಎಣ್ಣೆ ಆವಿಯಾಗಿ ಹೋಯಿತು. ಸೀಮೆಎಣ್ಣೆ ಹೀಗೆ ನುಸುಳುತ್ತದೆ ಎಂಬುದನ್ನು ಮೊದಲೇ ಅರಿತಿದ್ದ ಅಮುಂಡ್‌ಸೆನ್ ತಮ್ಮ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದರು.

ಈಗ ಆ ಬಿಟ್ಟುಹೋದ ಅಧ್ಯಾಯ. ಸ್ಕಾಟ್ ಮುಂದೆ ಹೋಗಿಬಿಟ್ಟರೆ ಎಂಬ ಆತಂಕ ಅಮುಂಡ್‌ಸೆನ್ ಅವರನ್ನು ಕೊರೆಯುತ್ತಿತ್ತು. ವಸಂತ ಇನ್ನೂ ಬಂದಿಲ್ಲ, ಬೇಡ ಎಂದು ಯೋಹಾನ್ಸೆನ್ ಹೇಳಿದರು. ಕೇಳಲಿಲ್ಲ. ಸೆಪ್ಟೆಂಬರ್ 8ರಂದು ಎಂಟು ಜನ ಹೊರಟರು. ಕೆಲವೇ ದಿನಗಳಲ್ಲಿ ತಾಪಮಾನ ಮೈನಸ್ 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯಿತು. ದಿಕ್ಸೂಚಿಯೊಳಗಿನ ದ್ರವವೇ ಹೆಪ್ಪುಗಟ್ಟಿತು. 80 ಡಿಗ್ರಿಯಲ್ಲಿ ಸಾಮಾನು ಇಳಿಸಿ ಹಿಂತಿರುಗಿದರು. ಕೊನೆಯ ದಿನ ಸುಮಾರು 75 ಕಿಲೋಮೀಟರ್ ದಾರಿಯಲ್ಲಿ ಅಮುಂಡ್‌ಸೆನ್ ಮತ್ತು ಮುಂದಿದ್ದವರು ಹಿಂದೆ ನೋಡದೆ ಮನೆ ಸೇರಿಕೊಂಡರು. ಹಿಂದೆ ಉಳಿದದ್ದು ಪ್ರೆಸ್ಟ್ರುಡ್, ಕಾಲು ಮರಗಟ್ಟಿ, ಆಹಾರವಿಲ್ಲದೆ, ಒಲೆಯಿಲ್ಲದೆ. ಅವರಿಗಾಗಿ ಕಾದು ನಿಂತವರು ಯೋಹಾನ್ಸೆನ್ ಒಬ್ಬರೇ. ಇಬ್ಬರೂ ನಡುರಾತ್ರಿ ಕಳೆದ ಮೇಲೆ ಮನೆ ಮುಟ್ಟಿದರು. ಮೂವರ ಹಿಮ್ಮಡಿ ಹಿಮಕಡಿತಕ್ಕೆ ತುತ್ತಾಗಿತ್ತು.

(ಹಿಮಕಡಿತವಾದ ಜಾಗಕ್ಕೆ ಹಿಮ ಉಜ್ಜಿ ಎಂಬ ಹಳೆಯ ಸಲಹೆ ಈಗಲೂ ಹರಿದಾಡುತ್ತಿದೆ. ಉಜ್ಜಬೇಡಿ, ಚರ್ಮ ಇನ್ನಷ್ಟು ಹಾಳಾಗುತ್ತದೆ. ಬೆಂಕಿಗೂ ಹಿಡಿಯಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗ ತಲುಪಿದ ಮೇಲೆ 37ರಿಂದ 39 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿಟ್ಟು, ಬೇಗ ವೈದ್ಯರ ಬಳಿ ಹೋಗಬೇಕು.)

ಮರುದಿನ ಬೆಳಿಗ್ಗೆ ಎಲ್ಲರೆದುರು ಯೋಹಾನ್ಸೆನ್ ನಾಯಕನನ್ನು ತರಾಟೆಗೆ ತೆಗೆದುಕೊಂಡರು. ತಂಡವನ್ನು ಹೀಗೆ ಚೆಲ್ಲಾಪಿಲ್ಲಿ ಬಿಟ್ಟು ಬರುವುದು ನಾಯಕನ ಲಕ್ಷಣವಲ್ಲ ಎಂಬುದು ಅವರ ತಕರಾರು. ಮಾತು ಸರಿಯಾಗಿಯೇ ಇತ್ತು. ಅಮುಂಡ್‌ಸೆನ್ ಕ್ಷಮಿಸಲಿಲ್ಲ. ಯೋಹಾನ್ಸೆನ್ ಹೆಸರನ್ನು ಧ್ರುವದ ತಂಡದಿಂದ ತೆಗೆದು, ಅನುಭವದಲ್ಲಿ ತುಂಬ ಕಿರಿಯರಾದ ಪ್ರೆಸ್ಟ್ರುಡ್ ಕೈಕೆಳಗೆ ಬೇರೆ ಕಡೆ ಕಳಿಸಿದರು. ಬೂಟುಗಳನ್ನು ಮತ್ತೆ ಬಿಚ್ಚಿ ಹೊಲಿದರು.

ಅಕ್ಟೋಬರ್ 20ರ ಹೊತ್ತಿಗೆ ಐವರು ಹೊರಟರು: ಅಮುಂಡ್‌ಸೆನ್, ಬ್ಯೋಲಾಂಡ್, ವಿಸ್ಟಿಂಗ್, ಹೆಲ್ಮರ್ ಹಾನ್ಸೆನ್, ಸ್ವೆರ್ರೆ ಹಾಸೆಲ್. ನಾಲ್ಕು ಸ್ಲೆಡ್ಜ್, 52 ನಾಯಿ. ತುಪ್ಪಳದ ಉಡುಪಿನ ಜೊತೆಗೆ ಉಣ್ಣೆಯೂ ಇತ್ತು, ಗಾಳಿ ತಡೆಯುವ ಗ್ಯಾಬರ್ಡಿನ್ ಬಟ್ಟೆಯೂ ಇತ್ತು. ಚಳಿ ಕಡಿಮೆಯಾದಾಗ, ಮೈ ಬಿಸಿಯಾದಾಗ ಕಳಚಲು ಅನುಕೂಲ. ಸ್ಕಾಟ್ ತುಪ್ಪಳ ಒಯ್ಯದೆ ಉಣ್ಣೆ ತೊಟ್ಟು ಸತ್ತರು ಎಂಬ ಸರಳ ಉತ್ತರ ಇಲ್ಲೇ ಬಿದ್ದುಹೋಗುತ್ತದೆ. ಅವರ ತಂಡದ ಬಳಿಯೂ ತುಪ್ಪಳದ ಬೂಟು, ಹಿಮಸಾರಂಗದ ಚರ್ಮದ ನಿದ್ದೆಚೀಲ ಇದ್ದವು. ಗಂಟೆಗಟ್ಟಲೆ ಭಾರ ಎಳೆಯುವವರು ತುಪ್ಪಳ ತೊಟ್ಟರೆ ಬೆವರಿನಲ್ಲೇ ಮುಳುಗುತ್ತಾರೆ. ನಾಯಿಗಳು ಎಳೆಯುವಾಗ ಪಕ್ಕದಲ್ಲಿ ಸ್ಕೀ ಮಾಡುವವರಿಗೆ ಹೊಂದುವ ಉಡುಪು ಬೇರೆ. ಸ್ಕಾಟ್ ತಂಡದವರೇ ಮೂವರು 1911ರ ಚಳಿಗಾಲದಲ್ಲಿ ಪೆಂಗ್ವಿನ್ ಮೊಟ್ಟೆ ತರಲು ಹೋದಾಗ ಬೆವರು, ಉಸಿರಿನ ತೇವ ಸೇರಿ ಅವರ ನಿದ್ದೆಚೀಲಗಳ ತೂಕ ಎರಡು ಪಟ್ಟಿಗೂ ಹೆಚ್ಚಾಗಿತ್ತು.

ನಾಯಿಗಳ ಲೆಕ್ಕ ಫಾರ್ವರ್ಡ್‌ನಲ್ಲಿ ಬರುವುದೇ ಇಲ್ಲ. ಪರ್ವತ ಹತ್ತಿದ ಮೇಲೆ 24 ನಾಯಿಗಳನ್ನು ಗುಂಡಿಟ್ಟು ಕೊಂದರು. ಅವುಗಳ ಮಾಂಸ ಉಳಿದ ನಾಯಿಗಳಿಗೂ ಮನುಷ್ಯರಿಗೂ ಆಹಾರ. ಯಾವ ನಾಯಿ ಎಲ್ಲಿವರೆಗೆ ಎಳೆಯಬೇಕು, ಎಲ್ಲಿ ಆಹಾರವಾಗಬೇಕು ಎಂಬುದೂ ಪ್ಯಾಕಿಂಗ್ ಪಟ್ಟಿಯ ಭಾಗವಾಗಿತ್ತು. ಬಿರುಗಾಳಿಯಲ್ಲಿ ಕಾದು ಕೂತದ್ದು ಆ ಜಾಗದಲ್ಲೇ. 1911ರ ಡಿಸೆಂಬರ್ 14ರಂದು ಧ್ರುವ ಮುಟ್ಟಿದರು. ಕಪ್ಪು ಬಣ್ಣದ ದೊಡ್ಡ ಡೇರೆಯಲ್ಲದೆ ಇನ್ನೊಂದು ಪುಟ್ಟ ಡೇರೆ ತಂದಿದ್ದರು, ಅದನ್ನು ಅಲ್ಲಿ ನೆಟ್ಟು ಸ್ಕಾಟ್‌ಗೆ ಪತ್ರ ಬಿಟ್ಟು ಹೊರಟರು. 1912ರ ಜನವರಿ 25ರಂದು 11 ನಾಯಿಗಳೊಂದಿಗೆ ಫ್ರಾಂಹೈಂಗೆ ಮರಳಿದಾಗ ದಾರಿಯ ರಾಶಿಗಳಲ್ಲಿ ಇನ್ನೂ ಆಹಾರ ಉಳಿದಿತ್ತು.

ಸ್ಕಾಟ್ ಮತ್ತು ನಾಲ್ವರು ಜನವರಿ 17ರಂದು ಧ್ರುವ ತಲುಪಿ ಆ ಡೇರೆ ಕಂಡರು. ಹಿಂತಿರುಗುವಾಗ ಐವರೂ ಸತ್ತರು, ಕೊನೆಯ ಮೂವರು ಮುಂದಿನ ಆಹಾರದ ರಾಶಿಗೆ ಸುಮಾರು 18 ಕಿಲೋಮೀಟರ್ ದೂರದಲ್ಲಿ. ಆ ಮಾರ್ಚ್ ತಿಂಗಳ ಚಳಿ ಅಲ್ಲಿಯ ಸಾಮಾನ್ಯ ಮಾರ್ಚ್‌ಗಿಂತ ತೀವ್ರವಾಗಿತ್ತು ಎಂದು ವಾತಾವರಣ ವಿಜ್ಞಾನಿ ಸೂಸನ್ ಸಾಲಮನ್ ಹವಾಮಾನ ದಾಖಲೆಗಳನ್ನು ಹೋಲಿಸಿ ತೋರಿಸಿದ್ದಾರೆ. ಸಾಯುತ್ತಿದ್ದರೂ ಸುಮಾರು 16 ಕಿಲೋ ಕಲ್ಲು ಹೊತ್ತಿದ್ದರು ಎಂದು ಕೆಲವರು ನಗುತ್ತಾರೆ. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಪಳೆಯುಳಿಕೆ ಇತ್ತು. ಅದೇ ಸಸ್ಯದ ಪಳೆಯುಳಿಕೆ ನಮ್ಮ ದೇಶದ ಕಲ್ಲಿದ್ದಲು ಪದರಗಳಲ್ಲೂ ಸಿಗುತ್ತದೆ. ಭಾರತ, ಅಂಟಾರ್ಕ್ಟಿಕ ಒಂದು ಕಾಲಕ್ಕೆ ಒಂದೇ ನೆಲವಾಗಿದ್ದವು ಎನ್ನಲು ಅದೊಂದು ಸಾಕ್ಷಿ. ಬಿಸಾಡಬೇಕಾದ ಭಾರ ಯಾವುದು ಎಂದು ಮೊಬೈಲ್ ಹಿಡಿದು ಕೂತ ನಾವು ಅಷ್ಟು ಸುಲಭವಾಗಿ ಹೇಳುವಂತಿಲ್ಲ.

ಬಿಸ್ಕತ್ತು ಎಣಿಸಿ ಪೆಟ್ಟಿಗೆ ತುಂಬಿದ ಯೋಹಾನ್ಸೆನ್ ವಿಜಯದ ಮೆರವಣಿಗೆಗೆ ಮೊದಲೇ ತಂಡದಿಂದ ಬೇರೆಯಾಗಿ ಊರಿಗೆ ಮರಳಿದರು. ಕುಡಿತ, ಖಿನ್ನತೆ ಅವರನ್ನು ಮೊದಲಿನಿಂದಲೂ ಕಾಡುತ್ತಿದ್ದವು. 1913ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಅಮುಂಡ್‌ಸೆನ್ ಮುಂದಿನ ವರ್ಷಗಳಲ್ಲಿ ಆರ್ಕ್ಟಿಕ್‌ಗೆ ಹಡಗಿನಲ್ಲಿ ಹೋದರು, ದಿವಾಳಿಯಾದರು, ವಿಮಾನ ಏರಿದರು. 1926ರ ಮೇ ತಿಂಗಳಲ್ಲಿ ನಾರ್ಗೆ ಎಂಬ ವಾಯುನೌಕೆಯಲ್ಲಿ ಇಟಲಿಯ ಉಂಬೆರ್ತೊ ನೋಬಿಲೆ, ಅಮೆರಿಕದ ಲಿಂಕನ್ ಎಲ್ಸ್‌ವರ್ತ್ ಜೊತೆ ಉತ್ತರ ಧ್ರುವದ ಮೇಲೆ ಹಾರಿದರು. ಕೀರ್ತಿ ಯಾರಿಗೆ ಸಲ್ಲಬೇಕು ಎಂದು ನೋಬಿಲೆ ಜೊತೆ ಕಹಿಯಾದ ಜಗಳವೂ ಆಯಿತು.

1928ರ ಮೇ 25ರಂದು ಅದೇ ನೋಬಿಲೆಯ ಇಟಾಲಿಯಾ ವಾಯುನೌಕೆ ಆರ್ಕ್ಟಿಕ್ ಹಿಮದ ಮೇಲೆ ಬಿತ್ತು. ಹಳೆಯ ಜಗಳ ಪಕ್ಕಕ್ಕಿಟ್ಟು ಅಮುಂಡ್‌ಸೆನ್ ಹುಡುಕಲು ಹೊರಟರು. ಸಿಕ್ಕಿದ್ದು ಫ್ರಾನ್ಸಿನ ಲ್ಯಾಥಮ್ 47 ಎಂಬ ವಿಮಾನ, ನೀರಿನ ಮೇಲೆ ಇಳಿಯಲು ಕಟ್ಟಿದ್ದು, ಮಂಜುಗಡ್ಡೆಯ ಮೇಲೆ ಅಲ್ಲ. ಸಿದ್ಧತೆಗೆ ಈ ಸಲ ಚಳಿಗಾಲವಿಡೀ ಸಮಯ ಇರಲಿಲ್ಲ, ಕೆಲವೇ ದಿನಗಳಿದ್ದವು. ಜೂನ್ 18ರಂದು ಆರು ಜನರೊಂದಿಗೆ ಟ್ರೋಮ್ಸೊದಿಂದ ಹಾರಿದ ವಿಮಾನ ಮರಳಲಿಲ್ಲ. ನೋಬಿಲೆಯನ್ನು ಬೇರೆಯವರು ಜೀವಂತ ಕರೆತಂದರು. ಆಗಸ್ಟ್ ಕೊನೆಯಲ್ಲಿ ಮೀನುಗಾರರಿಗೆ ಲ್ಯಾಥಮ್‌ನ ಒಂದು ತೇಲುಬುರುಡೆ ಸಿಕ್ಕಿತು. ಅಕ್ಟೋಬರ್‌ನಲ್ಲಿ ಒಂದು ಪೆಟ್ರೋಲ್ ಟ್ಯಾಂಕ್. ಮುರಿದುಹೋದ ತೇಲುಬುರುಡೆಯ ಜಾಗಕ್ಕೆ ಆ ಟ್ಯಾಂಕನ್ನೇ ಜೋಡಿಸಲು ಯಾರೋ ಪ್ರಯತ್ನಿಸಿದ್ದರು ಎಂದು ಅದನ್ನು ಪರೀಕ್ಷಿಸಿದವರಿಗೆ ಅನ್ನಿಸಿತು. ದೇಹಗಳು ಸಿಗಲಿಲ್ಲ.